ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಕೇಳಿ, ಆಮೇಲೆ ಕೊಳ್ಳಿ

ಅಡುಗೆಮನೆಗೆ ಹೊಸ ಮಷೀನು ತರಬೇಕು ಅಂತ ಮನಸ್ಸಾದರೆ ನಾವೆಲ್ಲ ಮೊದಲು ಶೋರೂಮಿಗೆ ಹೋಗುತ್ತೇವೆ. ಇಲ್ಲಾಂದ್ರೆ ರಾತ್ರಿ ಮಲಗುವ ಮುಂಚೆ ಮೊಬೈಲಲ್ಲಿ ನೋಡುತ್ತಾ ಕೂರುತ್ತೇವೆ. ನಾನು ಹೇಳುವುದು ಬೇರೆ ದಾರಿ. ಮೊದಲು ನಿಮ್ಮ ಏರಿಯಾದ ಮಿಕ್ಸಿ ರಿಪೇರಿ ಅಂಗಡಿಗೆ ಹೋಗಿ ಹತ್ತು ನಿಮಿಷ ನಿಂತು ಬನ್ನಿ.

ದಾವಣಗೆರೆಯಲ್ಲಿ ಇಂಥ ಅಂಗಡಿಗಳಿಗೆ ಬರವಿಲ್ಲ. ನಾನು ಹೋಗುವುದು ಮಂಡಿಪೇಟೆ ಕಡೆ ಒಂದು ಸಣ್ಣ ಅಂಗಡಿಗೆ. ಗೋಡೆ ತುಂಬ ಕುಕ್ಕರ್ ಗ್ಯಾಸ್ಕೆಟ್ಟುಗಳನ್ನು ಬಳೆ ಮಲಾರದ ಹಾಗೆ ನೇತು ಹಾಕಿದ್ದಾರೆ. ಕೆಳಗೆ ಡಬ್ಬಿಗಳಲ್ಲಿ ಮೋಟಾರಿಗೂ ಜಾರಿಗೂ ಕೊಂಡಿಯಾಗುವ ಮಿಕ್ಸಿ ಕಪ್ಲರ್, ಬ್ಲೇಡಿನ ಕಡ್ಡಿ ತಿರುಗುವ ಜಾರಿನ ಬುಷ್, ಬ್ಲೇಡು, ಗ್ರೈಂಡರ್ ಬೆಲ್ಟು. ರಿಪೇರಿಗೆ ಬಂದ ಸಾಮಾನಿನ ಸಾಲು ನೋಡಿದರೆ ಮಿಕ್ಸಿ, ಗ್ರೈಂಡರ್, ಕುಕ್ಕರ್, ಮತ್ತೆ ಮಿಕ್ಸಿ. ಅಂದರೆ ಇವು ಮನೆಯಲ್ಲಿ ದಿನಾ ದುಡಿಯುತ್ತಿವೆ, ಒಂದು ದಿನ ಇಲ್ಲದಿದ್ದರೂ ಕೈ ಕಟ್ಟಿದ ಹಾಗಾಗುತ್ತದೆ, ಅದಕ್ಕೇ ಜನ ಚೀಲದಲ್ಲಿ ಹಾಕಿಕೊಂಡು ಓಡಿ ಬಂದಿದ್ದಾರೆ. ನಾನು ಒಮ್ಮೆ ಕೇಳಿದೆ, "ಅಣ್ಣಾ, ರೊಟ್ಟಿ ಮೇಕರ್ ರಿಪೇರಿಗೆ ಬರಲ್ವಾ?" ಅಂತ. "ಬರ್ತವಕ್ಕಾ, ವರ್ಷಕ್ಕೆ ಒಂದೋ ಎರಡೋ. ಒಳಗೆ ಕಾಯಿಲ್ ಹೋಗಿರುತ್ತೆ. ಸಾಮಾನು ಇಲ್ಲಿ ಸಿಗಲ್ಲ, ಹಂಗೇ ವಾಪಸ್ ಕೊಡ್ತೀನಿ" ಅಂದರು. ಆ ಮಾತು ನನಗೆ ಎರಡು ವರ್ಷ ಮೊದಲೇ ಸಿಕ್ಕಿದ್ದರೆ ಸಾಕಷ್ಟು ದುಡ್ಡು ಉಳಿಯುತ್ತಿತ್ತು.

ಹಾಗಾಗಿ ನಾನು ಈಗ ಏನೇ ಕೊಳ್ಳುವ ಮುಂಚೆ ಮೂರು ವಿಷಯ ನೋಡುತ್ತೇನೆ. ಇದು ಮಾಡುವ ಕೆಲಸ ನಮ್ಮ ಮನೆಯಲ್ಲಿ ವಾರಕ್ಕೆ ಒಂದು ಸಲವಾದರೂ ಬರುತ್ತಾ? ಬಳಸಿದ ಮೇಲೆ ತೊಳೆದು ಒರೆಸಿ ಇಡಲು ಎಷ್ಟು ಹೊತ್ತು? ಕೆಟ್ಟರೆ ಬಿಡಿಭಾಗ ಈ ಊರಲ್ಲೇ ಸಿಗುತ್ತಾ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಮಾತ್ರ ದುಡ್ಡು ಬಿಚ್ಚಬೇಕು.

ಮೊದಲನೆಯದು ಮಿಕ್ಸಿ. ಇದಕ್ಕೆ ಜಿಪುಣತನ ಬೇಡ. ಮೂರು ನಾಲ್ಕು ಜನ ಇರುವ ಮನೆಗೆ, ಬರೀ ಚಟ್ನಿ ಮತ್ತು ಸಾರಿನ ಮಸಾಲೆ ಅಂದರೆ 500 ವ್ಯಾಟ್ ಸಾಕು. ಆದರೆ ಅರಿಶಿನ, ಒಣಮೆಣಸಿನಕಾಯಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇವೆಲ್ಲ ಮನೆಯಲ್ಲೇ ಮಾಡುವವರಾದರೆ 750 ವ್ಯಾಟ್ ತೊಗೊಳ್ಳಿ. ಅದಕ್ಕಿಂತ ಮೇಲೆ ಹೋಗುವ ಅಗತ್ಯ ಹೆಚ್ಚಿನ ಮನೆಗಳಿಗೆ ಇಲ್ಲ. ಐದು ಜಾರು ಆರು ಜಾರು ಅಂತ ಆಸೆ ತೋರಿಸುತ್ತಾರೆ, ಆದರೆ ದಿನಾ ಕೈಗೆ ಬರುವುದು ಚಟ್ನಿ ಜಾರು ಮತ್ತು ನಡುವಿನ ಜಾರು, ಎರಡೇ. ಆ ಎರಡರ ಮುಚ್ಚಳ ಬಿಗಿಯಾಗಿ ಕೂರುತ್ತಾ, ಸಣ್ಣ ಜಾರಿನಲ್ಲಿ ಬ್ಲೇಡು ತಳಕ್ಕೆ ಹತ್ತಿರ ಇದೆಯಾ ಅಂತ ಅಂಗಡಿಯಲ್ಲೇ ತೆಗೆಸಿ ನೋಡಿ. ಬ್ಲೇಡು ಮೇಲಿದ್ದರೆ ನಾಲ್ಕು ಬೆಳ್ಳುಳ್ಳಿ ಎಸಳು, ಒಂದು ಚೂರು ಶುಂಠಿ ಹಾಕಿದಾಗ ಅವು ಅಡಿಯಲ್ಲೇ ಕೂತುಬಿಡುತ್ತವೆ, ಎಷ್ಟು ತಿರುಗಿಸಿದರೂ ಅರೆಯುವುದಿಲ್ಲ.

ಶೇಂಗಾ ಚಟ್ನಿ ವಿಷಯ ಒಂದು ಹೇಳಲೇಬೇಕು. ಮಿಕ್ಸಿಯಲ್ಲಿ ಮಾಡಿದರೆ ಮುದ್ದೆಯಾಗುತ್ತೆ, ಒರಳಿನಲ್ಲಿ ಕುಟ್ಟಿದ ರುಚಿ ಬರಲ್ಲ ಅಂತ ಎಲ್ಲರೂ ಹೇಳುತ್ತಾರೆ. ತಪ್ಪು ಮಿಕ್ಸಿಯದಲ್ಲ. ಹುರಿದ ಶೇಂಗಾ ಬಿಸಿ ಇರುವಾಗಲೇ ಹಾಕಿ ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟುಕೊಂಡು ಅಂಟಾಗುತ್ತೆ. ಪೂರ್ತಿ ಆರಲು ಬಿಡಿ. ಮೊದಲು ಖಾರ, ಉಪ್ಪು, ಜೀರಿಗೆ, ಬೆಳ್ಳುಳ್ಳಿ ತಿರುಗಿಸಿ, ಆಮೇಲೆ ಶೇಂಗಾ ಹಾಕಿ. ಗುಂಡಿಯನ್ನು ಎಡಕ್ಕೆ ತಿರುಗಿಸಿ ಒಂದು ಸೆಕೆಂಡು, ಬಿಡಿ. ಮತ್ತೆ ಒಂದು ಸೆಕೆಂಡು, ಬಿಡಿ. ಹೀಗೆ ಏಳೆಂಟು ಸಲ. ನಡುವೆ ಒಮ್ಮೆ ಚಮಚದಲ್ಲಿ ತಳ ಮೇಲೆ ಮಾಡಿ. ತರಿತರಿಯಾಗಿ, ಬೆರಳಲ್ಲಿ ಹಿಡಿದರೆ ಸ್ವಲ್ಪ ಜಿಡ್ಡು ಸಿಕ್ಕಿ ಉದುರುವ ಹಾಗೆ ಬರುತ್ತೆ.

ಮಿಕ್ಸಿ ಓಡುತ್ತಾ ಓಡುತ್ತಾ ದಿಢೀರ್ ನಿಂತರೆ ಗಾಬರಿಯಾಗಬೇಡಿ. ಪ್ಲಗ್ ತೆಗೆದು ತಿರುಗಿಸಿ ನೋಡಿ, ಅಡಿಯಲ್ಲಿ ಒಂದು ಕೆಂಪು ಗುಂಡಿ ಇರುತ್ತೆ. ಭಾರ ಜಾಸ್ತಿಯಾದಾಗ ಮೋಟಾರು ಸುಡದಿರಲಿ ಅಂತ ಅದೇ ಕರೆಂಟು ಕತ್ತರಿಸುವುದು. ಐದು ಹತ್ತು ನಿಮಿಷ ಆರಿಸಿ, ಗುಂಡಿ ಒತ್ತಿ, ಜಾರಿನಲ್ಲಿದ್ದುದನ್ನು ಅರ್ಧ ಮಾಡಿ ಮತ್ತೆ ಹಾಕಿ. ಜಾರಿನ ಅಡಿಯಿಂದ ಕಪ್ಪು ನೀರು ಸೋರಿದರೆ ಬುಷ್ ಸವೆದಿದೆ ಅಂತ ಅರ್ಥ. ಹೊಸ ಮಿಕ್ಸಿ ಬೇಡ, ಬುಷ್ ಹಾಕಿಸಿದರೆ ಸಾಕು. ಸೋರುವ ಜಾರಿನಲ್ಲಿ ಮಾತ್ರ ಚಟ್ನಿ ರುಬ್ಬಬೇಡಿ, ಆ ಕಪ್ಪು ಗ್ರೀಸು ಚಟ್ನಿಗೂ ಸೇರುತ್ತೆ.

ಗ್ರೈಂಡರ್ ಬೇಕಾ? ದೋಸೆ ಇಡ್ಲಿ ವಾರಕ್ಕೊಮ್ಮೆ ಮಾಡುವ ಮನೆಗೆ ಬೇಕೇ ಬೇಕು. ತಿಂಗಳಿಗೊಮ್ಮೆ ಮಾಡುವವರಿಗೆ ಬೇಡ, ಮಿಕ್ಸಿ ಸಾಕು. ಮಿಕ್ಸಿ ಬ್ಲೇಡು ಜೋರಾಗಿ ತಿರುಗಿ ಹಿಟ್ಟನ್ನು ಬಿಸಿ ಮಾಡುತ್ತೆ. ಕಲ್ಲು ನಿಧಾನವಾಗಿ ಉರುಳುವುದರಿಂದ ಹಿಟ್ಟು ತಣ್ಣಗಿರುತ್ತೆ, ಉದ್ದು ಚೆನ್ನಾಗಿ ಉಬ್ಬುತ್ತೆ. ನಮ್ಮ ಊರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ಬಿಸಿಯಾದ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿಯಾಗಿ ಪಾತ್ರೆಯಿಂದ ಹೊರಗೆ ಬಂದಿರುತ್ತೆ. ಮಿಕ್ಸಿಯಲ್ಲೇ ರುಬ್ಬುವವರು ಬೇಸಿಗೆಯಲ್ಲಿ ಫ್ರಿಜ್ ನೀರು ಹಾಕಿ ರುಬ್ಬಿ. ಬೆಣ್ಣೆ ದೋಸೆ ಮನೆಯಲ್ಲಿ ಮಾಡುವವರಿಗೆ ಗ್ರೈಂಡರಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಅಕ್ಕಿ, ಉದ್ದಿನಬೇಳೆ, ಮೆಂತ್ಯದ ಜೊತೆ ಮಂಡಕ್ಕಿ ನೆನೆಸಿ ಹಾಕುತ್ತೇವಲ್ಲ, ಆ ಮಂಡಕ್ಕಿ ಕಲ್ಲಿನ ಅಡಿ ಬೆಣ್ಣೆ ಹಾಗೆ ನುಣ್ಣಗಾಗುತ್ತೆ. ಮಿಕ್ಸಿಯಲ್ಲಿ ಅದು ಮೇಲೆ ಮೇಲೆ ತೇಲುತ್ತಾ ಇರುತ್ತೆ.

ತೊಗೊಳ್ಳುವಾಗ 2 ಲೀಟರಿನ ಟೇಬಲ್ ಟಾಪ್ ಸಾಕು. ತುಂಬಿದ ಪಾತ್ರೆ ಎತ್ತಲು ಆಗುತ್ತಾ ಅಂತ ಯೋಚಿಸಿ. ಸೊಂಟ ನೋವು, ಕೈ ನೋವು ಇರುವವರು ಬಾಗಿಸಿ ಹಿಟ್ಟು ತೆಗೆಯುವ ಟಿಲ್ಟಿಂಗ್ ತೊಗೊಳ್ಳಿ. ತೊಳೆಯುವುದು ಸುಲಭ ಮಾಡಿಕೊಳ್ಳಲು ಒಂದು ದಾರಿ ಇದೆ. ಹಿಟ್ಟು ತೆಗೆದ ತಕ್ಷಣ ಒಂದು ಲೋಟ ನೀರು ಹಾಕಿ ಎರಡು ನಿಮಿಷ ಓಡಿಸಿ, ಆ ನೀರನ್ನೇ ಹಿಟ್ಟು ಹದ ಮಾಡಲು ಬಳಸಿ. ಅರ್ಧ ತೊಳೆದ ಹಾಗಾಯಿತು, ಹಿಟ್ಟೂ ಹಾಳಾಗಲಿಲ್ಲ.

ಕುಕ್ಕರ್ ಬಗ್ಗೆ ಎಲ್ಲರಿಗೂ ಗೊತ್ತು, ಆದರೂ ಎರಡು ಮಾತು. ಐಎಸ್‌ಐ ಗುರುತು ಮತ್ತು ಐಎಸ್ 2347 ಅನ್ನುವ ಸಂಖ್ಯೆ ಮೇಲೆ ಇದೆಯಾ ನೋಡಿ. ಮನೆ ಕುಕ್ಕರಿಗೆ ಆ ಗುರುತು ಈಗ ಕಡ್ಡಾಯ, ಇಲ್ಲದ್ದನ್ನು ಅಗ್ಗಕ್ಕೆ ಕೊಟ್ಟರೂ ಬೇಡ. ಗ್ಯಾಸ್ಕೆಟ್ಟು, ಸೀಟಿ, ಸೇಫ್ಟಿ ವಾಲ್ವ್ ಈ ಮೂರೂ ಅದೇ ಕಂಪನಿಯದನ್ನೇ ಹಾಕಿಸಿ. ನೀರು ಬತ್ತಿ ವಾಲ್ವ್ ಕರಗಿ ಹೋದರೆ ಅದು ನಿಮ್ಮ ಜೀವ ಉಳಿಸಿದೆ, ಅಲ್ಲಿ ಏನೇನೋ ತುರುಕಿ ಮುಚ್ಚಬೇಡಿ. ಮತ್ತೆ ಸೀಟಿ ಎಣಿಸುವ ಅಭ್ಯಾಸ ಬಿಡಿ. ಒತ್ತಡ ತುಂಬಿದ ಮೇಲೆ ಒಳಗೆ ಸುಮಾರು 120 ಡಿಗ್ರಿ ಇರುತ್ತೆ, ಉರಿ ಎಷ್ಟು ಜೋರು ಮಾಡಿದರೂ ಅದಕ್ಕಿಂತ ಜಾಸ್ತಿ ಬಿಸಿಯಾಗಲ್ಲ, ಹೆಚ್ಚಿನ ಗ್ಯಾಸೆಲ್ಲ ಸೀಟಿಯಾಗಿ ಹೊರಗೆ ಹೋಗುತ್ತೆ ಅಷ್ಟೇ. ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಟ್ಟರೆ ನೆನೆಸಿದ ತೊಗರಿಬೇಳೆ ಕರಗಿ ಬರುತ್ತೆ. ಬೇಳೆ ಹಾಕುವಾಗ ಅರ್ಧಕ್ಕಿಂತ ಮೇಲೆ ತುಂಬಬೇಡಿ, ನೊರೆ ಬಂದು ಸೀಟಿಯ ದಾರಿ ಕಟ್ಟುತ್ತೆ.

ಈಗ ರೊಟ್ಟಿ ಮೇಕರ್. ಇದರ ಬಗ್ಗೆ ನನಗೆ ನಿಜವಾಗಿ ಬೇಸರ ಇದೆ. ನಮ್ಮ ಅತ್ತೆಗೆ ಮಣಿಕಟ್ಟು ನೋವು ಶುರುವಾದಾಗ, ಪಾಪ ಎಷ್ಟು ದಿನ ಅಂತ ಬಡಿಯುತ್ತಾರೆ, ಮಷೀನು ತಂದುಕೊಡೋಣ ಅಂತ ತಂದೆ. ಡೆಮೊದಲ್ಲಿ ಗೋಧಿ ಚಪಾತಿ ಮಾಡಿ ತೋರಿಸಿದ್ದರು. ಮನೆಯಲ್ಲಿ ಜೋಳದ ಹಿಟ್ಟಿನ ಉಂಡೆ ಇಟ್ಟು ಮುಚ್ಚಳ ಒತ್ತಿದರೆ ಅಂಚೆಲ್ಲ ಬಿರುಕು ಬಿಟ್ಟು, ನಡುವೆ ಹರಿದು, ಅರ್ಧ ಮೇಲಿನ ಪ್ಲೇಟಿಗೆ ಅಂಟಿಕೊಂಡಿತು. ಗೋಧಿಯಲ್ಲಿ ಗ್ಲುಟೆನ್ ಅನ್ನುವ ಅಂಟು ಇದೆ, ಎಳೆದರೆ ಹಿಗ್ಗುತ್ತೆ. ಜೋಳದಲ್ಲಿ ಅದು ಇಲ್ಲವೇ ಇಲ್ಲ. ಜೋಳಕ್ಕೆ ಹಿಡಿತ ಬರುವುದು ಕುದಿಯುವ ನೀರಿನಿಂದ ಮತ್ತು ಅಂಗೈಯಿಂದ, ಬೇರೆ ದಾರಿ ಇಲ್ಲ.

ಅತ್ತೆ ಮಾಡುವುದನ್ನು ಹತ್ತಿರ ನಿಂತು ನೋಡಿದ್ದೇನೆ. ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ಎಸರು ಹಾಕುತ್ತಾರೆ, ಮೊದಲು ಚಮಚದಲ್ಲಿ ತಿರುವುತ್ತಾರೆ. ಇಡೀ ಹಿಟ್ಟು ಒಮ್ಮೆಗೇ ನಾದುವುದಿಲ್ಲ, ಒಂದು ರೊಟ್ಟಿಗೆ ಆಗುವಷ್ಟು ತೆಗೆದು ಅಂಗೈ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಉಂಡೆಯ ಅಂಚು ಬಿರುಕಿಲ್ಲದೆ ನಯವಾದ ಮೇಲೇ ಕೆಳಗೆ ಒಣಹಿಟ್ಟು ಉದುರಿಸಿ ತಟ್ಟಲು ಶುರು. ಹಂಚಿಗೆ ಹಾಕುವಾಗ ಹಿಟ್ಟು ಹತ್ತಿದ ಮೈ ಮೇಲೆ ಬರಬೇಕು, ಅದರ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ನೀರು ಆರುತ್ತಿದ್ದ ಹಾಗೆ ತಿರುವಿ ಹಾಕಿದರೆ ಪೂರಿ ಹಾಗೆ ಉಬ್ಬುತ್ತೆ. ಇದರಲ್ಲಿ ಯಾವ ಹೆಜ್ಜೆಯನ್ನು ಆ ಮಷೀನು ಮಾಡುತ್ತೆ ಹೇಳಿ? ಒಂದೂ ಇಲ್ಲ.

ಹಾಗಾದರೆ ಮಣಿಕಟ್ಟು ನೋವಿಗೆ ಏನು ಮಾಡಿದೆವು? ಮೊದಲನೆಯದು, ಜೋಳ ತಂದು ಸ್ವಲ್ಪ ಸ್ವಲ್ಪವೇ ಗಿರಣಿಗೆ ಹಾಕಿಸುತ್ತೇವೆ. ಹಳೆ ಹಿಟ್ಟು ಬಿರಿಯುತ್ತೆ, ನಾದಲು ಎರಡು ಪಟ್ಟು ಶಕ್ತಿ ಬೇಕು. ಎರಡನೆಯದು, ವಾರದಲ್ಲಿ ಎರಡು ದಿನ ಮಾತ್ರ ಬಿಸಿ ರೊಟ್ಟಿ, ಉಳಿದ ದಿನಕ್ಕೆ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಹತ್ತಿರ ಕಟ್ಟು ತರುತ್ತೇವೆ. ನಮ್ಮೂರಲ್ಲಿ ಅವರು ಬೇಕಾದಷ್ಟು ಜನ ಇದ್ದಾರೆ, ಕೈ ರುಚಿಯೂ ಚೆನ್ನಾಗಿದೆ, ಆ ದುಡ್ಡು ಒಂದು ಮನೆ ನಡೆಸುತ್ತೆ. ಮನೆಯಲ್ಲೇ ಹಿಟ್ಟು ಬೀಸುವ ಮಷೀನು ಬರುತ್ತಲ್ಲ, ಅದಕ್ಕೂ ಇದೇ ಮಾತು. ಓಣಿಗೊಂದು ಗಿರಣಿ ಇರುವ ಊರಲ್ಲಿ ಅಷ್ಟು ಸಾವಿರ ಸುರಿದು ಅಡುಗೆಮನೆಯ ಒಂದು ಮೂಲೆ ಕಳೆದುಕೊಳ್ಳುವುದು ಬೇಡ.

ನಿಜವಾಗಿ ದುಡ್ಡು ಹಾಕಬೇಕಾದ್ದು ಹಂಚಿಗೆ. ಬೀಡು ಕಬ್ಬಿಣದ ದಪ್ಪ ಹಂಚು ಒಂದು, ದೋಸೆಗೆ. ರೊಟ್ಟಿಗೆ ಬೇರೆ ಒಂದು. ಎರಡನ್ನೂ ಸೇರಿಸಬೇಡಿ, ರೊಟ್ಟಿ ಹಂಚಿಗೆ ಹಿಟ್ಟು ಹತ್ತಿ ಸುಡುತ್ತೆ, ಅದರ ಮೇಲೆ ದೋಸೆ ಏಳಲ್ಲ. ದಪ್ಪ ಕಬ್ಬಿಣ ಬಿಸಿ ಹಿಡಿದಿಟ್ಟುಕೊಳ್ಳುತ್ತೆ, ತಣ್ಣನೆ ಹಿಟ್ಟು ಬಿದ್ದರೂ ತಟ್ಟನೆ ಆರಲ್ಲ, ಅದಕ್ಕೇ ಹೋಟೆಲಿನ ಬೆಣ್ಣೆ ದೋಸೆಗೆ ಆ ಗರಿ ಬರುವುದು. ಹೊಸ ಹಂಚು ತಂದರೆ ತೊಳೆದು, ಒಲೆ ಮೇಲೆ ಪೂರ್ತಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಹೊಗೆ ಬರುವ ತನಕ ಕಾಯಿಸಿ ಆರಲು ಬಿಡಿ. ಹೀಗೆ ನಾಲ್ಕೈದು ಸಲ. ಎಣ್ಣೆ ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿ ಕಪ್ಪು ಪದರ ಆಗುತ್ತೆ, ಆಮೇಲೆ ಹಿಟ್ಟು ಅಂಟಲ್ಲ. ಮೊದಲ ಎರಡು ಮೂರು ದೋಸೆ ಕಿತ್ತು ಬರುತ್ತವೆ. ಬೇಜಾರಾಗಬೇಡಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುತ್ತಾ ಹೋಗಿ. ಪ್ರತಿ ದೋಸೆಗೂ ಮುಂಚೆ ನೀರು ಚಿಮುಕಿಸಿ ಒರೆಸಿ, ಹಂಚು ತೀರಾ ಕಾದಿದ್ದರೆ ಹಿಟ್ಟು ಹರಡುವ ಮೊದಲೇ ಸೌಟಿಗೆ ಸುತ್ತಿಕೊಳ್ಳುತ್ತೆ. ನಾನ್‌ಸ್ಟಿಕ್ ತವಾ ಇದೆ ಅನ್ನುವವರು ಅದನ್ನು ಖಾಲಿ ಕಾಯಲು ಬಿಡಬೇಡಿ. 260 ಡಿಗ್ರಿ ದಾಟಿದರೆ ಆ ಪದರ ಕೆಡಲು ಶುರುವಾಗುತ್ತೆ, ಗೀರು ಬಿದ್ದ ಮೇಲಂತೂ ಬದಲಾಯಿಸಲೇಬೇಕು. ಹಂಚು ಹಾಗಲ್ಲ, ವರ್ಷ ಕಳೆದಷ್ಟೂ ಪಳಗುತ್ತೆ.

ಏರ್ ಫ್ರೈಯರ್ ಬಗ್ಗೆ ಈಗ ತುಂಬಾ ಜನ ಕೇಳುತ್ತಾರೆ. ಸಂಜೆ ಮಂಡಕ್ಕಿ ಜೊತೆ ಮೆಣಸಿನಕಾಯಿ ಮಿರ್ಚಿ ಎಣ್ಣೆ ಇಲ್ಲದೆ ಮಾಡಬಹುದಾ ಅಂತ. ಆಗಲ್ಲ. ಅದು ಬಿಸಿ ಗಾಳಿ ಊದುವ ಸಣ್ಣ ಓವನ್, ಅಷ್ಟೇ. ಕಾದ ಎಣ್ಣೆಗೆ ಬಿದ್ದ ಕಡಲೆಹಿಟ್ಟು ಆ ಕ್ಷಣವೇ ಗಟ್ಟಿಯಾಗಿ ಕವಚ ಕಟ್ಟುತ್ತೆ. ಗಾಳಿಗೆ ಅಷ್ಟು ಬೇಗ ಬಿಸಿ ಮುಟ್ಟಿಸಲು ಬರಲ್ಲ, ಅಷ್ಟರಲ್ಲಿ ಹಿಟ್ಟು ಜಾಲರಿಯ ತೂತಿನಿಂದ ಕೆಳಗೆ ಸೋರಿರುತ್ತೆ. ಹಪ್ಪಳ, ಶೇಂಗಾ, ಪನೀರು, ತಣ್ಣಗಾದ ಮಿರ್ಚಿಯನ್ನು ಮತ್ತೆ ಗರಿಗರಿ ಮಾಡುವುದು, ಇವಕ್ಕೆ ಚೆನ್ನಾಗಿದೆ. ಹಪ್ಪಳಕ್ಕೂ ಶೇಂಗಾಕ್ಕೂ ಅಷ್ಟು ದುಡ್ಡು ಯಾಕೆ? ಡಾಕ್ಟರು ಎಣ್ಣೆ ಬಿಡಿ ಅಂದಿದ್ದರೆ, ದಿನಾ ಬಳಸುವುದು ಖಚಿತ ಇದ್ದರೆ ಮಾತ್ರ ಯೋಚಿಸಿ.

ಇನ್ನೊಂದು ವಿಷಯ, ಇದನ್ನು ಯಾವ ಅಂಗಡಿಯವರೂ ಹೇಳಲ್ಲ. ಏರ್ ಫ್ರೈಯರ್ 1500 ವ್ಯಾಟ್ ಇದ್ದರೆ ಆರೂವರೆ ಆಂಪಿಯರ್ ಎಳೆಯುತ್ತೆ. ಇಂಡಕ್ಷನ್ ಒಲೆ 2000 ವ್ಯಾಟ್ ಅಂದರೆ ಒಂಬತ್ತು ಆಂಪಿಯರ್ ಹತ್ತಿರ. ಹಳೆ ಮನೆಗಳ ಅಡುಗೆಮನೆಯಲ್ಲಿ ಇರುವುದು 6 ಆಂಪಿಯರಿನ ಸಣ್ಣ ಪ್ಲಗ್ ಪಾಯಿಂಟು, ಅದು ಮಿಕ್ಸಿಗೆ ಸರಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ ಇವನ್ನು ಓಡಿಸಿದರೆ ವೈರು ಕಾದು ಪ್ಲಗ್ ಕರಗುತ್ತೆ. ನಮ್ಮ ಮನೆಯಲ್ಲೇ ಆಗಿದೆ, ವಾಸನೆ ಬಂದು ಓಡಿ ಮೇನ್ ಸ್ವಿಚ್ ಆರಿಸಿದೆ. ಮೊದಲು 16 ಆಂಪಿಯರಿನ ಪಾಯಿಂಟು ಹಾಕಿಸಿ, ಆಮೇಲೆ ಮಷೀನು ತನ್ನಿ.

ಇಂಡಕ್ಷನ್ ಮಾತ್ರ ಮನೆಯಲ್ಲಿ ಒಂದು ಇರಲಿ. ನೆಂಟರು ಬಂದ ದಿನವೇ ಸಿಲಿಂಡರ್ ಖಾಲಿಯಾಗುತ್ತಲ್ಲ, ಅವತ್ತು ಅದೇ ದೇವರು. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ತೆಗೆದು ನಿಮ್ಮ ಪಾತ್ರೆಗಳ ತಳಕ್ಕೆ ಹಿಡಿಯಿರಿ. ಅಂಟಿದವು, ತಳ ಚಪ್ಪಟೆ ಇರುವವು ನಡೆಯುತ್ತವೆ. ಬರೀ ಅಲ್ಯೂಮಿನಿಯಮ್, ತಾಮ್ರ ನಡೆಯಲ್ಲ. ಹೊಸ ಪಾತ್ರೆಗಳ ಸೆಟ್ಟು ಕೊಳ್ಳುವ ಅಗತ್ಯ ಇಲ್ಲ. ಹಾಸ್ಟೆಲಿನಲ್ಲಿ, ರೂಮಿನಲ್ಲಿ ಇರುವ ಮಕ್ಕಳಿಗೆ ಕೆಟಲ್ ಕೂಡ ಒಳ್ಳೆಯದು. ಒಂದು ಲೀಟರ್ ನೀರು ಕುದಿಸಲು ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗದಷ್ಟು ಕರೆಂಟು ಸಾಕು. ಬೋರ್ ನೀರಿಗೆ ಒಳಗೆ ಬಿಳಿ ಪದರ ಕಟ್ಟುತ್ತೆ. ಹಿಂಡಿದ ನಿಂಬೆ ಸಿಪ್ಪೆ ಹಾಕಿ ಕುದಿಸಿ ಒಂದು ಗಂಟೆ ಬಿಟ್ಟು ತೊಳೆದರೆ ಹೋಗುತ್ತೆ.

ಸಣ್ಣ ಪುಟ್ಟ ಸಾಮಾನು ಬೇಗ ಮುಗಿಸುತ್ತೇನೆ. ದಾರ ಎಳೆಯುವ ಚಾಪರ್ ಬೇಡ. ಖಾರ ಮಂಡಕ್ಕಿಗೆ ಈರುಳ್ಳಿ ನೀರು ಬಿಡದ ಹಾಗೆ ಸಣ್ಣಗೆ ಬೀಳಬೇಕು, ಇದು ಜಜ್ಜಿ ನೀರು ಬಿಡಿಸುತ್ತೆ, ಮಂಡಕ್ಕಿ ಕ್ಷಣದಲ್ಲಿ ಮೆತ್ತಗಾಗುತ್ತೆ. ಒಂದು ಒಳ್ಳೆ ಚಾಕು ತೊಗೊಳ್ಳಿ, ಸಾಣೆ ಹಿಡಿಯುವವರು ಓಣಿಗೆ ಬಂದಾಗ ಹಿಡಿಸಿ. ಬೆಳ್ಳುಳ್ಳಿ ಒತ್ತುವ ಯಂತ್ರ, ಮೊಟ್ಟೆ ಕತ್ತರಿಸುವ ತಂತಿ ಯಾವುದೂ ಬೇಡ. ಡಿಜಿಟಲ್ ತಕ್ಕಡಿ ಕೆಲವು ನೂರಕ್ಕೆ ಸಿಗುತ್ತೆ, ಹಬ್ಬದ ಉಂಡೆ, ಚಕ್ಕುಲಿ ಪ್ರತಿ ಸಲ ಒಂದೇ ಹದ ಬರಬೇಕಾದರೆ ತೊಗೊಳ್ಳಿ. ಮೊಣಕಾಲು ನೋವಿಗೆ ಈಳಿಗೆ ಮಣೆ ಮೇಲೆ ಕೂರಲು ಆಗದವರಿಗೆ ಕಟ್ಟೆಗೆ ರಬ್ಬರಿನಿಂದ ಹಿಡಿದುಕೊಳ್ಳುವ, ಹಿಡಿ ತಿರುಗಿಸುವ ಕಾಯಿ ತುರಿಮಣೆ ಬಹಳ ಉಪಕಾರ. ಕಟ್ಟೆ ನುಣುಪು ಗ್ರಾನೈಟ್ ಇರಬೇಕು, ಕೆಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಕೂರಿಸಬೇಕು. ಕಡಪ ಕಲ್ಲಿನ ಒರಟು ಕಟ್ಟೆಗೆ ಅದು ನಿಲ್ಲಲ್ಲ.

ನೀರಿನ ಫಿಲ್ಟರ್ ತೊಗೊಳ್ಳುವ ಮುಂಚೆ ನೀರು ಪರೀಕ್ಷೆ ಮಾಡಿಸಿ. ದಾವಣಗೆರೆ ಪೇಟೆಯಲ್ಲಿ ನಲ್ಲಿಗೆ ಬರುವುದು ನದಿ, ಕಾಲುವೆಯ ನೀರು. ಅದರಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಮ್ ಒಳಗಿದ್ದರೆ ಯುವಿ, ಅಂದರೆ ಬೆಳಕಿನ ಕಿರಣದಿಂದ ರೋಗಾಣು ಕೊಲ್ಲುವ ಫಿಲ್ಟರ್ ಸಾಕು, ಲವಣವನ್ನೂ ಸೋಸಿ ತೆಗೆಯುವ ಆರ್‌ಒ ಹಾಕಿ ಅಷ್ಟೊಂದು ನೀರು ಚೆಲ್ಲುವುದು ಬೇಡ. ಆದರೆ ಬೋರ್ ನೀರು ಕುಡಿಯುವವರು, ಅದರಲ್ಲೂ ಜಗಳೂರು, ಚಳ್ಳಕೆರೆ ಕಡೆಯವರು ಫ್ಲೋರೈಡ್ ಎಷ್ಟಿದೆ ಅಂತ ತಪ್ಪದೆ ನೋಡಿಸಿ. ಲೀಟರಿಗೆ 1.5 ಮಿಲಿಗ್ರಾಮ್ ದಾಟಿದರೆ ಯುವಿ ಏನೂ ಮಾಡಲ್ಲ, ಕುದಿಸಿದರೂ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯೇ ಆಗುತ್ತೆ. ಅಲ್ಲಿ ಆರ್‌ಒ ಬೇಕು. ಅದು ಹೊರಗೆ ಚೆಲ್ಲುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳಿ.

ಕೊಂಡ ದಿನ ಬಿಲ್ಲಿನ ಮೇಲೆ ಮಾಡೆಲ್ ನಂಬರು ಬರೆಸಿ, ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು ಹಾಕಿಸಿ, ಎರಡರದೂ ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ಲಿನ ಅಕ್ಷರ ವರ್ಷದೊಳಗೆ ಅಳಿಸಿ ಹೋಗುತ್ತೆ. ಅಟ್ಟದ ಮೇಲೆ ಈಗಾಗಲೇ ಬಳಸದ ಮಷೀನು ಇದ್ದರೆ ಇವತ್ತೇ ಇಳಿಸಿ, ಒಮ್ಮೆ ಓಡಿಸಿ ನೋಡಿ. ಕೆಟಲ್, ಇಂಡಕ್ಷನ್ ಸರಿ ಇದ್ದರೆ ರೂಮು ಮಾಡಿಕೊಂಡಿರುವ ಓದುವ ಮಕ್ಕಳಿಗೆ ಕೊಡಿ. ಓಡದ ಹಳೆ ಮಿಕ್ಸಿಯನ್ನು ಗುಜರಿಗೆ ಹಾಕುವ ಮುಂಚೆ ರಿಪೇರಿ ಅಣ್ಣನಿಗೆ ತೋರಿಸಿ, ಜಾರು ಕಪ್ಲರ್ ಬದಲಾಯಿಸಿ ಐದು ವರ್ಷ ಓಡಿದ್ದು ನಮ್ಮ ಮನೆಯಲ್ಲೇ ಇದೆ.